ಬೆರಳ ತುದಿಯಲ್ಲಿ ಬೆಳಕಿನ ಪರೀಕ್ಷೆ: ಪಲ್ಸ್ ಆಕ್ಸಿಮೀಟರ್ ಹೇಳುವುದೇನು, ಹೇಳದಿರುವುದೇನು?

2021ರ ಏಪ್ರಿಲ್-ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆ ರಾಜ್ಯವನ್ನು ಆವರಿಸಿದಾಗ ನಗರದ ಮನೆಗಳ ಔಷಧದ ಡಬ್ಬಿಗೆ ಹೊಸ ವಸ್ತುವೊಂದು ಸೇರ್ಪಡೆಯಾಯಿತು. ಬಟ್ಟೆ ಒಣಹಾಕುವ ಕ್ಲಿಪ್‌ನಂತೆ ಬಾಯಿ ತೆರೆಯುವ, ಒಳಗೆ ಕೆಂಪು ದೀಪ ಮಿನುಗುವ ಆ ಪುಟ್ಟ ಸಾಧನಕ್ಕೆ ಬೆರಳು ಕೊಟ್ಟರೆ ಕೆಲವೇ ಕ್ಷಣಗಳಲ್ಲಿ ಎರಡು ಅಂಕಿಗಳು ಮೂಡುತ್ತಿದ್ದವು. ಒಂದು ನಾಡಿ ಬಡಿತ. ಇನ್ನೊಂದು ರಕ್ತದಲ್ಲಿನ ಆಮ್ಲಜನಕದ ಪ್ರಮಾಣ. ಎರಡನೆಯ ಅಂಕಿ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಧಾವಿಸಬೇಕು, ಮೇಲಿದ್ದರೆ ಮನೆಯಲ್ಲೇ ಇರಬಹುದು ಎಂಬುದು ಅಂದಿನ ಸಾಮಾನ್ಯ ತಿಳಿವಳಿಕೆಯಾಗಿತ್ತು. ಹಾಸಿಗೆ ಸಿಗದೆ ಜನ ಪರದಾಡುತ್ತಿದ್ದ ಆ ದಿನಗಳಲ್ಲಿ ಒಂದೆರಡು ಅಂಕಿಗಳ ವ್ಯತ್ಯಾಸವೇ ಯಾರು ಎಲ್ಲಿರಬೇಕು ಎಂಬುದನ್ನು ನಿರ್ಧರಿಸುತ್ತಿತ್ತು.

ಇಷ್ಟೊಂದು ಭಾರ ಹೊತ್ತ ಆ ಅಂಕಿ ಅಳತೆಯಲ್ಲ, ಅಂದಾಜು. ಸೂಜಿ ಚುಚ್ಚದೆ, ರಕ್ತ ತೆಗೆಯದೆ ಕೇವಲ ಬೆಳಕನ್ನು ಹಾಯಿಸಿ ಪಡೆದ ಅಂದಾಜು. ಸಾಮಾನ್ಯವಾಗಿ ಅದು ಸತ್ಯಕ್ಕೆ ಬಹಳ ಹತ್ತಿರವಿರುತ್ತದೆ. ಆದರೆ ಎಲ್ಲರ ಬೆರಳಿನಲ್ಲೂ ಒಂದೇ ರೀತಿ ಹತ್ತಿರವಿರುವುದಿಲ್ಲ ಎಂಬುದೇ ಇತ್ತೀಚಿನ ವರ್ಷಗಳಲ್ಲಿ ವೈದ್ಯಲೋಕದಲ್ಲಿ ಚರ್ಚೆಗೆ ಗ್ರಾಸವಾಗಿರುವ ಸಂಗತಿ.

ರಕ್ತದ ಬಣ್ಣವೇ ಸುಳಿವು

ಆಮ್ಲಜನಕ ತುಂಬಿದ ರಕ್ತ ಉಜ್ವಲ ಕೆಂಪು. ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಕಪ್ಪು ಮಿಶ್ರಿತ ಕೆಂಪು. ಈ ವ್ಯತ್ಯಾಸಕ್ಕೆ ಕಾರಣ ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್. ಆಮ್ಲಜನಕವನ್ನು ಹಿಡಿದಾಗ ಒಂದು ಬಗೆಯಲ್ಲಿ, ಬಿಟ್ಟಾಗ ಇನ್ನೊಂದು ಬಗೆಯಲ್ಲಿ ಅದು ಬೆಳಕನ್ನು ಹೀರುತ್ತದೆ. ಇಂಗ್ಲೆಂಡಿನ ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1864ರಲ್ಲಿ ವರ್ಣಪಟಲದ ಸಹಾಯದಿಂದ ಇದನ್ನು ತೋರಿಸಿಕೊಟ್ಟರು. ಅದೇ ವರ್ಷ ಜರ್ಮನಿಯ ಹೋಪ್-ಸೈಲರ್ ಆ ವರ್ಣದ್ರವ್ಯಕ್ಕೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟರು.

ಬಣ್ಣ ನೋಡಿ ಆಮ್ಲಜನಕವನ್ನು ಅಳೆಯಬಹುದೆಂದು ಗೊತ್ತಾದ ಮೇಲೂ ಜೀವಂತ ಮನುಷ್ಯನ ದೇಹದಲ್ಲಿ ಅದನ್ನು ಸಾಧಿಸಲು ಸುಮಾರು 70 ವರ್ಷ ಹಿಡಿಯಿತು. ಜರ್ಮನಿಯ ಕಾರ್ಲ್ ಮ್ಯಾಥೆಸ್ 1935ರಲ್ಲಿ ಕಿವಿಯ ಹಾಲೆಯ ಮೂಲಕ ಎರಡು ಬಗೆಯ ಬೆಳಕನ್ನು ಹಾಯಿಸುವ ಸಾಧನವನ್ನು ರೂಪಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗ್ಲೆನ್ ಮಿಲಿಕನ್ ಅದನ್ನು ವಿಮಾನ ಚಾಲಕರ ಬಳಕೆಗೆ ತಕ್ಕಂತೆ ಹಗುರಗೊಳಿಸಿದರು. ಎತ್ತರದಲ್ಲಿ ಹಾರುವ ಪೈಲಟ್‌ಗಳು ಆಮ್ಲಜನಕದ ಕೊರತೆಯಿಂದ ತಮಗೇ ತಿಳಿಯದಂತೆ ಪ್ರಜ್ಞೆ ತಪ್ಪುತ್ತಿದ್ದುದೇ ಇದಕ್ಕೆ ಪ್ರೇರಣೆ. 'ಆಕ್ಸಿಮೀಟರ್' ಎಂಬ ಹೆಸರು ಕೊಟ್ಟವರೂ ಅವರೇ.

ಆದರೆ ಈ ಸಾಧನಗಳಿಗೆಲ್ಲ ಒಂದೇ ಕಂಟಕವಿತ್ತು. ಕಿವಿಗೆ ಹಾಯಿಸಿದ ಬೆಳಕನ್ನು ರಕ್ತ ಮಾತ್ರವಲ್ಲ, ಚರ್ಮ, ಮಾಂಸಖಂಡ, ಅಭಿಧಮನಿಯ ಮಲಿನ ರಕ್ತ ಎಲ್ಲವೂ ಹೀರಿಕೊಳ್ಳುತ್ತವೆ. ಅದರಲ್ಲಿ ಅಪಧಮನಿಯ ರಕ್ತದ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ? ಕಿವಿಯನ್ನು ಒತ್ತಿ ರಕ್ತವನ್ನೆಲ್ಲ ಹೊರದೂಡಿ ಒಮ್ಮೆ, ಬಿಟ್ಟು ಇನ್ನೊಮ್ಮೆ ಅಳೆಯುವ ಉಪಾಯ ಬಂತು. 1970ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿ ಎಂಟು ತರಂಗಾಂತರಗಳ ಬೆಳಕು ಬಳಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಿಖರತೆಯೇನೋ ಸಿಕ್ಕಿತು; ಆದರೆ ಭಾರ ಹಾಗೂ ಬೆಲೆಯ ಕಾರಣದಿಂದ ಅದು ಪ್ರಯೋಗಾಲಯದ ಗೋಡೆ ದಾಟಲಿಲ್ಲ.

ಅಡಚಣೆಯೇ ಉತ್ತರವಾಯಿತು

ಬಿಡಿಸಲಾಗದ ಈ ಗಂಟನ್ನು ಬಿಡಿಸಿದವರು ಟೋಕಿಯೊದ ನಿಹಾನ್ ಕೊಹ್ಡೆನ್ ಕಂಪೆನಿಯ ಎಂಜಿನಿಯರ್ ತಕುವೊ ಅಯೊಯಾಗಿ. ಕುತೂಹಲದ ಸಂಗತಿಯೆಂದರೆ ಅವರು ಹುಡುಕುತ್ತಿದ್ದುದು ಆಮ್ಲಜನಕವನ್ನಲ್ಲ.

1972ರ ಸುಮಾರಿಗೆ ಅವರು ಹೃದಯವು ನಿಮಿಷಕ್ಕೆ ಎಷ್ಟು ರಕ್ತವನ್ನು ಪಂಪ್ ಮಾಡುತ್ತದೆ ಎಂಬುದನ್ನು ಅಳೆಯಲು ಯತ್ನಿಸುತ್ತಿದ್ದರು. ರಕ್ತಕ್ಕೆ ಬಣ್ಣದ ದ್ರಾವಣವೊಂದನ್ನು ಸೇರಿಸಿ, ಅದು ತೆಳುವಾಗುತ್ತ ಹೋಗುವುದನ್ನು ಕಿವಿಯ ಮೇಲಿಟ್ಟ ಬೆಳಕಿನ ಸಾಧನದಿಂದ ಗಮನಿಸುವುದು ವಿಧಾನ. ಆದರೆ ಗ್ರಾಫ್ ಎಂದೂ ನಯವಾಗಿ ಬರುತ್ತಿರಲಿಲ್ಲ. ಪ್ರತಿ ನಾಡಿ ಬಡಿತಕ್ಕೂ ಅಪಧಮನಿ ಉಬ್ಬಿ ಕುಗ್ಗುವುದರಿಂದ ಗೆರೆಯ ಮೇಲೆ ಸಣ್ಣ ಅಲೆಗಳು ಮೂಡಿ ಲೆಕ್ಕ ಕೆಡುತ್ತಿತ್ತು. ಈ ಅಲೆಗಳನ್ನು ಅಳಿಸಲು ಅವರು ಎರಡು ತರಂಗಾಂತರಗಳ ಬೆಳಕನ್ನು ಬಳಸಿ, ಒಂದರ ಅಲೆಯಿಂದ ಇನ್ನೊಂದರ ಅಲೆಯನ್ನು ಕಳೆಯುವ ಉಪಾಯ ಹೂಡಿದರು. ಅದು ಫಲಿಸಿತು, ಆದರೆ ರಕ್ತದ ಆಮ್ಲಜನಕದ ಮಟ್ಟ ಬದಲಾದೊಡನೆ ಅಲೆಗಳು ಮತ್ತೆ ತಲೆಯೆತ್ತುತ್ತಿದ್ದವು.

ಬೇರೊಬ್ಬರಾಗಿದ್ದರೆ ಯಂತ್ರದ ದೋಷವೆಂದು ಕೈಬಿಡುತ್ತಿದ್ದರೇನೋ. ಅಯೊಯಾಗಿ ಇದರಲ್ಲಿ ಇನ್ನೊಂದು ಅರ್ಥವನ್ನು ಕಂಡರು. ಬೆರಳಿನಲ್ಲಾಗಲೀ ಕಿವಿಯಲ್ಲಾಗಲೀ ನಾಡಿಯೊಂದಿಗೆ ಮಿಡಿಯುವುದು ಅಪಧಮನಿಯ ರಕ್ತ ಮಾತ್ರ. ಚರ್ಮ ಮಿಡಿಯುವುದಿಲ್ಲ, ಮೂಳೆ ಮಿಡಿಯುವುದಿಲ್ಲ. ಆದ್ದರಿಂದ ಮಿಡಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಎರಡು ಬೆಳಕುಗಳಲ್ಲಿ ಅದರ ಅನುಪಾತವನ್ನು ನೋಡಿದರೆ ಅಪಧಮನಿಯ ಆಮ್ಲಜನಕ ತಾನಾಗಿಯೇ ಸಿಗುತ್ತದೆ. ಕಿವಿಯನ್ನು ಹಿಂಡಬೇಕಿಲ್ಲ, ಎಂಟು ಬೆಳಕುಗಳೂ ಬೇಕಿಲ್ಲ.

1974ರ ಮಾರ್ಚ್ ಅಂತ್ಯದಲ್ಲಿ ಈ ತತ್ವಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಇದಾದ ಕೆಲವೇ ವಾರಗಳಲ್ಲಿ ಜಪಾನಿನದ್ದೇ ಆದ ಕ್ಯಾಮೆರಾ ಕಂಪೆನಿ ಮಿನೋಲ್ಟಾ ಕೂಡ ಅದೇ ಬಗೆಯ ಅರ್ಜಿ ಸಲ್ಲಿಸಿತು. ನಿಹಾನ್ ಕೊಹ್ಡೆನ್ 1975ರಲ್ಲಿ ಕಿವಿಗೆ ಹಾಕುವ ಯಂತ್ರವೊಂದನ್ನು ಹೊರತಂದರೂ ಅದನ್ನು ಮುಂದುವರಿಸುವ ಆಸಕ್ತಿ ತೋರಲಿಲ್ಲ. ಬೆರಳ ತುದಿಗೆ ಹಾಕುವ ಸಾಧನವನ್ನು 1977ರಲ್ಲಿ ತಂದದ್ದು ಮಿನೋಲ್ಟಾ.

ಜಪಾನ್ ಕೈಬಿಟ್ಟದ್ದನ್ನು ಅಮೆರಿಕ ಎತ್ತಿಕೊಂಡಿತು. ಸ್ಟಾನ್‌ಫರ್ಡ್‌ನ ಅರಿವಳಿಕೆ ತಜ್ಞ ವಿಲಿಯಂ ನ್ಯೂ ಅವರು ಸಹ ಸಂಸ್ಥಾಪಕರಾಗಿದ್ದ ನೆಲ್ಕಾರ್ ಕಂಪೆನಿ 1980ರ ದಶಕದ ಆರಂಭದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಗೆಂದೇ ಯಂತ್ರವನ್ನು ಸಿದ್ಧಪಡಿಸಿತು. ಆಮ್ಲಜನಕ ಇಳಿದಂತೆ ಯಂತ್ರದ 'ಬೀಪ್' ಸದ್ದಿನ ಸ್ವರವೂ ಇಳಿಯುವಂತೆ ಮಾಡಿದ್ದು ಅದರ ವೈಶಿಷ್ಟ್ಯ. ವೈದ್ಯರು ಪರದೆಯತ್ತ ನೋಡದೆಯೇ ಕಿವಿಯಿಂದ ಅಪಾಯವನ್ನು ಅರಿಯಬಹುದಾಗಿತ್ತು. 1990ರ ಹೊತ್ತಿಗೆ ಅಮೆರಿಕದ ಅರಿವಳಿಕೆ ತಜ್ಞರ ಸಂಘವು ಶಸ್ತ್ರಚಿಕಿತ್ಸೆಯಲ್ಲಿ ಇದರ ಬಳಕೆಯನ್ನು ಕಡ್ಡಾಯ ಮಾನದಂಡವಾಗಿಸಿತು. ದೀಪ, ಸಂವೇದಕ, ಪರದೆ ಎಲ್ಲವೂ ಒಂದೇ ಕ್ಲಿಪ್‌ನೊಳಗೆ ಅಡಗಿರುವ, ಇಂದು ಮನೆಗಳಲ್ಲಿ ಕಾಣುವ ಮಾದರಿಯನ್ನು 1995ರಲ್ಲಿ ನಾನಿನ್ ಎಂಬ ಕಂಪೆನಿ ಪರಿಚಯಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಸುರಕ್ಷಿತ ಶಸ್ತ್ರಚಿಕಿತ್ಸೆಯ ತಪಾಸಣಾ ಪಟ್ಟಿಯಲ್ಲಿ ಹೆಸರಿಸಿ ಕೇಳಲಾದ ಉಪಕರಣವೂ ಇದೇ.

ಅಯೊಯಾಗಿ 2020ರ ಏಪ್ರಿಲ್ 18ರಂದು ತಮ್ಮ 84ನೇ ವಯಸ್ಸಿನಲ್ಲಿ ಟೋಕಿಯೊದಲ್ಲಿ ನಿಧನರಾದರು. ಅವರ ಸಾಧನಕ್ಕಾಗಿ ಜಗತ್ತಿನ ಔಷಧದ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದ ವರ್ಷವೇ ಅದು.

ಅಂಕಿ ಬರುವ ಬಗೆ

ಸಾಧನದ ಒಂದು ದವಡೆಯಲ್ಲಿ ಎರಡು ಪುಟ್ಟ ಎಲ್‌ಇಡಿ ದೀಪಗಳಿರುತ್ತವೆ. ಒಂದು ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು, ಕಣ್ಣಿಗೆ ಕಾಣುವಂಥದ್ದು. ಇನ್ನೊಂದು ಸುಮಾರು 940 ನ್ಯಾನೋಮೀಟರ್‌ನ ಅವಕೆಂಪು ಬೆಳಕು, ಕಾಣದಂಥದ್ದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚಾಗಿ ಹಾಯಗೊಟ್ಟು ಅವಕೆಂಪನ್ನು ಹೀರುತ್ತದೆ. ಆಮ್ಲಜನಕ ಇಲ್ಲದ ಹಿಮೋಗ್ಲೋಬಿನ್‌ನದು ಇದಕ್ಕೆ ತದ್ವಿರುದ್ಧ ಸ್ವಭಾವ. ದೀಪಗಳು ಸೆಕೆಂಡಿಗೆ ನೂರಾರು ಬಾರಿ ಸರದಿಯಂತೆ ಉರಿದು ಆರುತ್ತವೆ. ಎದುರು ದವಡೆಯ ಸಂವೇದಕ ತನಗೆ ತಲುಪಿದ ಬೆಳಕನ್ನು ವಿದ್ಯುತ್ ಸಂಕೇತವಾಗಿಸುತ್ತದೆ. ಅದರಲ್ಲಿ ನಾಡಿಯೊಂದಿಗೆ ಏರಿಳಿಯುವ ಅಂಶ ತೀರಾ ಅಲ್ಪ. ಒಟ್ಟು ಬೆಳಕಿನ ಶೇಕಡ ಒಂದೆರಡರಷ್ಟು ಮಾತ್ರ. ಯಂತ್ರ ಆಧರಿಸುವುದು ಆ ಸಣ್ಣ ಮಿಡಿತವನ್ನೇ.

ಇಲ್ಲಿಯವರೆಗೆ ಎಲ್ಲವೂ ಭೌತವಿಜ್ಞಾನ. ಮುಂದಿನ ಹೆಜ್ಜೆ ಹಾಗಲ್ಲ. ಎರಡು ಬೆಳಕುಗಳ ಅನುಪಾತ ಸುಮಾರು 1 ಬಂದರೆ ಆಮ್ಲಜನಕ ಶೇ 85ರ ಆಸುಪಾಸು ಎಂದು ಯಂತ್ರ ಹೇಳುತ್ತದೆ. ಈ ಹೊಂದಾಣಿಕೆ ಬಂದದ್ದು ಸೂತ್ರದಿಂದಲ್ಲ, ಮನುಷ್ಯರಿಂದ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿಯನ್ನು ಉಸಿರಾಡಿಸಿ, ಹಂತಹಂತವಾಗಿ ಅವರ ರಕ್ತದ ಮಟ್ಟವನ್ನು ಶೇ 70ರವರೆಗೆ ಇಳಿಸಿ, ಪ್ರತಿ ಹಂತದಲ್ಲೂ ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಿ, ಆ ಕ್ಷಣದಲ್ಲಿ ಯಂತ್ರ ಕಂಡ ಅನುಪಾತದ ಜತೆ ತಾಳೆ ಹಾಕಲಾಗುತ್ತದೆ. ಹೀಗೆ ಸಿದ್ಧವಾದ ಕೋಷ್ಟಕವನ್ನೇ ಸಾಧನದ ಒಳಗೆ ತುಂಬಿರುತ್ತಾರೆ. ಶೇ 70ಕ್ಕಿಂತ ಕೆಳಗೆ ಯಾರನ್ನೂ ಇಳಿಸುವಂತಿಲ್ಲವಾದ್ದರಿಂದ ಅಲ್ಲಿನ ಅಂಕಿಗಳು ಕೇವಲ ಊಹೆಯ ವಿಸ್ತರಣೆ.

ಇಷ್ಟಾದರೂ ಒಳ್ಳೆಯ ಸಾಧನ ಕೂಡ ಎರಡು-ಮೂರು ಅಂಕಿಯಷ್ಟು ಆಚೀಚೆ ಹೋಗುವುದು ಮಾನದಂಡಗಳು ಒಪ್ಪಿಕೊಂಡಿರುವ ಸಂಗತಿ. ಯಂತ್ರ 94 ಎಂದರೆ ನಿಜವಾದ ಮಟ್ಟ 91 ಇರಬಹುದು, 97 ಕೂಡ ಇರಬಹುದು. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿತವಾಗಿರುವ ಈ ಮಾತನ್ನು 2021ರಲ್ಲಿ ಓದಿದವರು ವಿರಳ.

ಯಾರ ಬೆರಳಿಗೆ ಹೊಂದಿಸಿದ್ದು?

ಕೋಷ್ಟಕ ಮನುಷ್ಯರಿಂದ ಬಂದದ್ದಾದರೆ, ಯಾವ ಮನುಷ್ಯರಿಂದ ಎಂಬ ಪ್ರಶ್ನೆ ಸಹಜ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೊಸ ಸಾಧನವೊಂದನ್ನು ಕನಿಷ್ಠ 10 ಮಂದಿಯ ಮೇಲೆ ಪರೀಕ್ಷಿಸಿದರೆ ಸಾಕಾಗಿತ್ತು. ಅವರಲ್ಲಿ ಗಾಢ ಮೈಬಣ್ಣದವರು ಇಬ್ಬರು ಅಥವಾ ಶೇ 15, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಜನ ಇರಬೇಕು ಎಂಬುದೇ ನಿಬಂಧನೆ. ಹತ್ತರಲ್ಲಿ ಇಬ್ಬರು!

ಚರ್ಮ ಮಿಡಿಯುವುದಿಲ್ಲವಾದ್ದರಿಂದ ಅದರ ಬಣ್ಣ ಲೆಕ್ಕದಿಂದ ತಾನಾಗಿ ಹೊರಗುಳಿಯುತ್ತದೆ ಎಂಬುದು ಅಯೊಯಾಗಿ ತತ್ವದ ತಿರುಳು. ಆದರೆ ವಾಸ್ತವದಲ್ಲಿ ಹಾಗಾಗದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೆಂಪು ಬೆಳಕನ್ನು ಅವಕೆಂಪಿಗಿಂತ ಹೆಚ್ಚು ಹೀರುವುದರಿಂದ ಸಂಕೇತ ಕ್ಷೀಣಿಸುತ್ತದೆ. ಜತೆಗೆ ಎಲ್‌ಇಡಿ ಹೊರಸೂಸುವುದು ಒಂದೇ ತರಂಗಾಂತರವನ್ನಲ್ಲ, ಅಕ್ಕಪಕ್ಕದ ಒಂದು ಪಟ್ಟಿಯನ್ನು. ಆ ಪಟ್ಟಿಯೊಳಗಿನ ಬೆಳಕನ್ನೂ ಮೆಲನಿನ್ ಸಮನಾಗಿ ಹೀರದೆ ಲೆಕ್ಕವನ್ನು ತುಸು ವಾಲಿಸುತ್ತದೆ.

ಇದು ತಿಳಿಯದ ವಿಷಯವೇನಾಗಿರಲಿಲ್ಲ. ತೀವ್ರ ನಿಗಾ ಘಟಕದ ಕಪ್ಪು ವರ್ಣೀಯ ರೋಗಿಗಳಲ್ಲಿ ಯಂತ್ರದ ಅಂಕಿ ಹೆಚ್ಚು ತಪ್ಪುತ್ತದೆ ಎಂದು ಅಮೆರಿಕದ ಜುಬ್ರಾನ್ ಮತ್ತು ಟೋಬಿನ್ 1990ರಲ್ಲೇ ವರದಿ ಮಾಡಿದ್ದರು. ಆಮ್ಲಜನಕ ಇಳಿದಾಗ ಗಾಢ ಚರ್ಮದವರಲ್ಲಿ ಸಾಧನ ನಿಜಕ್ಕಿಂತ ಹೆಚ್ಚು ತೋರಿಸುತ್ತದೆಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2005ರಲ್ಲಿ ಸಾಬೀತುಪಡಿಸಿತ್ತು. ಎರಡೂ ವರದಿಗಳು ತಜ್ಞರ ನಿಯತಕಾಲಿಕೆಗಳಲ್ಲೇ ಉಳಿದವು.

2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಪತ್ರ ಮಾತ್ರ ಎಲ್ಲರ ಗಮನ ಸೆಳೆಯಿತು. ಯಂತ್ರ 92ರಿಂದ 96 ತೋರಿಸುತ್ತಿದ್ದ ರೋಗಿಗಳನ್ನು ಅವರು ಆರಿಸಿಕೊಂಡರು. ರಕ್ತ ತೆಗೆದು ನೋಡಿದಾಗ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಪ್ರಕರಣಗಳು ಬಿಳಿಯರಲ್ಲಿ ಶೇ 3.6, ಕಪ್ಪು ವರ್ಣೀಯರಲ್ಲಿ ಶೇ 11.7. ಅಂದರೆ ಮೂರು ಪಟ್ಟು. 2022ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಸಮೂಹದ ಆಸ್ಪತ್ರೆಗಳ ಕೋವಿಡ್ ರೋಗಿಗಳ ಅಧ್ಯಯನವು ಏಷ್ಯಾ ಮೂಲದವರನ್ನೂ ಪ್ರತ್ಯೇಕವಾಗಿ ಗಣಿಸಿತು. ಬಿಳಿಯರಿಗೆ ಹೋಲಿಸಿದರೆ ಅವರಲ್ಲಿ ಯಂತ್ರ ಸರಾಸರಿ 1.7 ಅಂಕಿಯಷ್ಟು ಹೆಚ್ಚು ತೋರಿಸಿತ್ತು. ಯಂತ್ರ ತೋರಿಸಿದ ಸಮಾಧಾನಕರ ಅಂಕಿಯಿಂದಾಗಿ ಚಿಕಿತ್ಸೆಗೆ ಅರ್ಹರೆಂದು ಗುರುತಿಸಲು ತಡವಾದವರೂ ಇದ್ದರು.

ಕೇಳಲು ಸಣ್ಣ ಅಂತರ. ಆದರೆ ಗಡಿ 94 ಎಂದಿರುವಾಗ, ನಿಜದಲ್ಲಿ 92 ಇರುವವರ ಬೆರಳು 94 ತೋರಿಸಿದರೆ ಅವರು ಮನೆಯಲ್ಲೇ ಉಳಿಯುತ್ತಾರೆ. ಕನ್ನಡ ನಾಡಿನಲ್ಲಿ ಗೋಧಿ ಬಣ್ಣದಿಂದ ಹಿಡಿದು ಕಡುಗಪ್ಪಿನವರೆಗೆ ಎಲ್ಲ ಛಾಯೆಯ ಮೈಬಣ್ಣಗಳಿರುವಾಗ ಇದು ದೂರದ ಅಮೆರಿಕದ ಜನಾಂಗೀಯ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ.

2021ರ ಫೆಬ್ರುವರಿಯಲ್ಲಿ ಅಮೆರಿಕದ ಆಡಳಿತ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಬ್ರಿಟನ್ನಿನಲ್ಲಿ ವೈದ್ಯಕೀಯ ಸಾಧನಗಳ ಪಕ್ಷಪಾತದ ಬಗ್ಗೆ ನೇಮಿಸಿದ್ದ ಸ್ವತಂತ್ರ ಸಮಿತಿ 2024ರ ಮಾರ್ಚ್‌ನಲ್ಲಿ ವರದಿ ನೀಡಿ ಪಲ್ಸ್ ಆಕ್ಸಿಮೀಟರನ್ನು ಮುಖ್ಯ ಉದಾಹರಣೆಯಾಗಿಸಿತು. 2025ರ ಜನವರಿಯಲ್ಲಿ ಅಮೆರಿಕ ಪ್ರಕಟಿಸಿದ ಕರಡು ಮಾರ್ಗಸೂಚಿಯಲ್ಲಿ ಪರೀಕ್ಷಾರ್ಥಿಗಳ ಸಂಖ್ಯೆ 10ರಿಂದ 150ಕ್ಕೆ ಏರಿತು. ಮೈಬಣ್ಣವನ್ನು ಹತ್ತು ಛಾಯೆಗಳ ಪಟ್ಟಿಯೊಂದಿಗೆ ಹೋಲಿಸಿ ದಾಖಲಿಸಬೇಕೆಂಬ ಸಲಹೆಯೂ ಅದರಲ್ಲಿದೆ.

ಬಸ್ಸು ತುಂಬಿದೆ, ಬಸ್ಸುಗಳೆಷ್ಟು?

ಯಂತ್ರ ಸರಿಯಾಗಿಯೇ ಅಳೆದರೂ ಕಾಣದ ಸಂಗತಿಗಳಿವೆ. ಹಿಮೋಗ್ಲೋಬಿನ್ ಕಣಗಳನ್ನು ಬಸ್ಸುಗಳೆಂದೂ ಆಮ್ಲಜನಕವನ್ನು ಪ್ರಯಾಣಿಕರೆಂದೂ ಭಾವಿಸುವುದಾದರೆ, ಆಕ್ಸಿಮೀಟರ್ ಹೇಳುವುದು ಬಸ್ಸಿನ ಆಸನಗಳಲ್ಲಿ ಶೇಕಡ ಎಷ್ಟು ಭರ್ತಿಯಾಗಿವೆ ಎಂಬುದನ್ನು ಮಾತ್ರ. ಡಿಪೋದಿಂದ ಹೊರಟ ಬಸ್ಸುಗಳೇ ಅರ್ಧಕ್ಕೆ ಇಳಿದಿದ್ದರೂ ಇರುವ ಬಸ್ಸುಗಳೆಲ್ಲ ಭರ್ತಿಯಾಗಿದ್ದರೆ ಅಂಕಿ 98 ಎಂದೇ ಬರುತ್ತದೆ. ತೀವ್ರ ರಕ್ತಹೀನತೆಯಿಂದ ಮೆಟ್ಟಿಲು ಹತ್ತಲಾಗದ ಗರ್ಭಿಣಿಯ ಬೆರಳಿನಲ್ಲೂ ಇದು ನಿಶ್ಚಿಂತ ಅಂಕಿಯನ್ನೇ ತೋರಿಸುತ್ತದೆ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರ ಪ್ರಕರಣ ಇನ್ನೂ ಅಪಾಯಕರ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಆದರೆ ಎರಡು ಬೆಳಕಿನ ಯಂತ್ರಕ್ಕೆ ಅದು ಆಮ್ಲಜನಕದಂತೆಯೇ ಕಾಣುತ್ತದೆ. ಪ್ರಾಣ ಹೋಗುತ್ತಿರುವಾಗಲೂ ಅಂಕಿ ಸಹಜವಾಗಿರುತ್ತದೆ.

ಒಂದು ಹನಿಯ ಸುತ್ತ ವಿವಾದ

ಬಸ್ಸುಗಳ ಸಂಖ್ಯೆಯನ್ನು, ಅಂದರೆ ಹಿಮೋಗ್ಲೋಬಿನ್ ಪ್ರಮಾಣವನ್ನು ಎಣಿಸಲು ಬೇರೊಂದು ಬೆಳಕಿನ ಸಾಧನವಿದೆ. ದಶಕಗಳ ಕಾಲ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಾಹ್ಲಿ ವಿಧಾನ ನಡೆದುಬಂತು. ರಕ್ತಕ್ಕೆ ಆಮ್ಲ ಬೆರೆಸಿ, ಬಂದ ಕಂದು ಬಣ್ಣವನ್ನು ಪಕ್ಕದ ಗಾಜಿನ ಪಟ್ಟಿಯೊಂದಿಗೆ ಕಣ್ಣಳತೆಯಲ್ಲಿ ಹೋಲಿಸುವುದು ಅದರ ಕ್ರಮ. ನೋಡುವ ಕಣ್ಣು ಬದಲಾದರೆ ಉತ್ತರವೂ ಬದಲು. 1980ರ ದಶಕದಲ್ಲಿ ಸ್ವೀಡನ್‌ನ ಹಿಮೊಕ್ಯೂ ಕಂಪೆನಿ ಇದಕ್ಕೆ ಪರ್ಯಾಯ ತಂದಿತು. ಬೆರಳಿನಿಂದ ಒಂದು ಹನಿ ರಕ್ತವನ್ನು ಪುಟ್ಟ ಪ್ಲಾಸ್ಟಿಕ್ ಕೋಶ ಹೀರಿಕೊಳ್ಳುತ್ತದೆ. ಒಳಗೆ ಮೊದಲೇ ಲೇಪಿಸಿರುವ ರಾಸಾಯನಿಕ ರಕ್ತಕಣಗಳನ್ನು ಒಡೆದು ಸ್ಥಿರ ಬಣ್ಣ ಕೊಡುತ್ತದೆ. 570 ನ್ಯಾನೋಮೀಟರ್‌ನ ಬೆಳಕು ಆ ಬಣ್ಣವನ್ನು ಅಳೆದರೆ 880ರ ಬೆಳಕು ಮಸುಕಿನಿಂದಾಗುವ ದೋಷವನ್ನು ಸರಿಪಡಿಸುತ್ತದೆ. ನಿಮಿಷದೊಳಗೆ ಫಲಿತಾಂಶ ಸಿದ್ಧ.

1998-99ರ ಎರಡನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ಮೊದಲ್ಗೊಂಡು ಈ ಸಾಧನವನ್ನು ಹಿಡಿದು ಸಮೀಕ್ಷಕರು ದೇಶದ ಲಕ್ಷಾಂತರ ಮನೆಗಳಿಗೆ ಹೋದರು. ಭಾರತದ ರಕ್ತಹೀನತೆಯ ಚಿತ್ರಣ ರೂಪುಗೊಂಡದ್ದೇ ಈ ಹನಿಗಳಿಂದ. 2019-21ರ ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ರಕ್ತಹೀನರು ಎಂಬ ಅಂಕಿ ಹೊರಬಿತ್ತು. ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚಾಗಿದ್ದವು. ಕಬ್ಬಿಣಾಂಶದ ಮಾತ್ರೆ ಹಂಚಿ, ಬಿಸಿಯೂಟ ಕೊಟ್ಟ ಮೇಲೂ ಏರಿಕೆಯೇ ಎಂಬ ಪ್ರಶ್ನೆ ಎದ್ದದ್ದು ಆಗಲೇ.

ಪ್ರಶ್ನೆಗೆ ಇನ್ನೊಂದು ಮುಖವಿತ್ತು. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯು ಮಕ್ಕಳ ಅಭಿಧಮನಿಯಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಒಂದರಿಂದ ನಾಲ್ಕು ವರ್ಷದವರಲ್ಲಿ ದೇಶದ ಸರಾಸರಿ ಶೇ 41 ಎಂದು ಅದು ಹೇಳಿದರೆ, ಬೆರಳ ಹನಿಯನ್ನು ನಂಬಿದ ಐದನೇ ಕುಟುಂಬ ಸಮೀಕ್ಷೆ ಐದು ವರ್ಷದೊಳಗಿನವರಲ್ಲಿ ಶೇ 67.1 ಎಂದಿತು. ವಯಸ್ಸಿನ ಗುಂಪು, ಸಮಯ ಎರಡೂ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ ಅಂತರದ ಒಂದು ಪಾಲು ಹನಿಯದ್ದೇ ಎಂಬ ಅಭಿಪ್ರಾಯ ತಜ್ಞರಲ್ಲಿ ಬಲವಾಯಿತು. ರಕ್ತ ಬರಲೆಂದು ಬೆರಳನ್ನು ಹಿಸುಕಿದರೆ ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ. ಬೆಳಕು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ; ಅದರ ಮುಂದಿಟ್ಟ ಹನಿ ಸರಿಯಿರುವುದಿಲ್ಲ.

ಆರನೇ ಕುಟುಂಬ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಟ್ಟು, ಅಭಿಧಮನಿಯ ರಕ್ತ ಬಳಸುವ ಪ್ರತ್ಯೇಕ ಆಹಾರ ಸಮೀಕ್ಷೆಗೆ ಅದನ್ನು ವಹಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯೂ ಸಮೀಕ್ಷೆಗಳಿಗೆ ಅಭಿಧಮನಿಯ ರಕ್ತವನ್ನೇ ಶಿಫಾರಸು ಮಾಡಿತು. ಹಾಗೆಂದು ಹಳ್ಳಿಯ ತಾಯಂದಿರ ತಪಾಸಣೆಗೆ ಈ ಕೈಯಂತ್ರ ನಿರುಪಯುಕ್ತವೆಂದಲ್ಲ. 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಕಾರ್ಯಕ್ರಮ ಕ್ಷೇತ್ರ ಮಟ್ಟದಲ್ಲಿ ಡಿಜಿಟಲ್ ಹಿಮೋಗ್ಲೋಬಿನ್ ಮೀಟರನ್ನೇ ನೆಚ್ಚಿಕೊಂಡಿದೆ. ಒಬ್ಬ ಗರ್ಭಿಣಿಗೆ ಚಿಕಿತ್ಸೆ ಬೇಕೇ ಎಂದು ತಿಳಿಯುವುದು ಬೇರೆ, ಒಂದು ರಾಜ್ಯದ ಶೇಕಡವಾರು ಲೆಕ್ಕ ಕಟ್ಟುವುದು ಬೇರೆ.

ಬೆಂಗಳೂರಿನ ಚಿಪ್

ಅಂಗೈಯಷ್ಟಗಲದ ಬೆಳಕಿನ ಪರೀಕ್ಷೆಗಳಲ್ಲಿ ಬೆಂಗಳೂರಿನದ್ದೂ ಒಂದು ಪಾಲಿದೆ. ಇಲ್ಲಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿ, ಗೋವಾದ ಮೋಲ್‌ಬಯೊ ಕಂಪೆನಿ ತಯಾರಿಸುವ 'ಟ್ರೂನ್ಯಾಟ್' ಬ್ಯಾಟರಿಯಿಂದ ನಡೆಯುವ ಪುಟ್ಟ ಪಿಸಿಆರ್ ಯಂತ್ರ. ಚಿಪ್ ಒಂದರ ಮೇಲೆ ರೋಗಾಣುವಿನ ವಂಶವಾಹಿಯ ತುಣುಕು ಇಮ್ಮಡಿಸುತ್ತ ಹೋದಂತೆ ಅದಕ್ಕೆ ಅಂಟಿದ ರಾಸಾಯನಿಕ ಹೊಳೆಯತೊಡಗುತ್ತದೆ. ಆ ಹೊಳಪನ್ನು ಯಂತ್ರದ ಬೆಳಕಿನ ಸಂವೇದಕ ಓದುತ್ತದೆ. ಕ್ಷಯ ರೋಗದ ಪತ್ತೆಗೆಂದು ರೂಪುಗೊಂಡ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೋವಿಡ್ ಪರೀಕ್ಷೆಗೂ ಅನುಮತಿ ನೀಡಿತು. ಮೈಬಣ್ಣದ ತೊಡಕು ಇದಕ್ಕಿಲ್ಲ; ಇಲ್ಲಿ ಬೆಳಕು ಹಾಯುವುದು ದೇಹದ ಮೂಲಕವಲ್ಲ, ಚಿಪ್‌ನ ಮೂಲಕ.

ಸಕ್ಕರೆ ಕಾಯಿಲೆಯವರು ಬಳಸುವ ಗ್ಲೂಕೋಮೀಟರ್ ಕೂಡ ಹುಟ್ಟಿದ್ದು ಬೆಳಕಿನ ಸಾಧನವಾಗಿಯೇ. 1970ರ ಏಮ್ಸ್ ಮೀಟರ್ ರಾಸಾಯನಿಕ ಪಟ್ಟಿಯ ಬಣ್ಣವನ್ನು ಪ್ರತಿಫಲಿತ ಬೆಳಕಿನಿಂದ ಅಳೆಯುತ್ತಿತ್ತು. ಇಂದಿನವುಗಳಲ್ಲಿ ಬಹುಪಾಲು ವಿದ್ಯುತ್ ರಾಸಾಯನಿಕ ವಿಧಾನವನ್ನು ಅನುಸರಿಸುತ್ತವೆ. ಚುಚ್ಚದೆಯೇ ಬೆಳಕಿನಿಂದ ಸಕ್ಕರೆ ಅಳೆಯುತ್ತೇವೆನ್ನುವ ಕೈಗಡಿಯಾರ, ಉಂಗುರಗಳ ಜಾಹೀರಾತುಗಳು ಆಗಾಗ ಕಾಣಿಸುತ್ತವೆ. ಅಂಥ ಯಾವುದಕ್ಕೂ ತಾನು ಅನುಮತಿ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಎಚ್ಚರಿಸಿತು. ಕಾರಣವಿಷ್ಟೆ: ಹಿಮೋಗ್ಲೋಬಿನ್‌ಗೆ ಎದ್ದುಕಾಣುವ ಬಣ್ಣವಿದೆ, ಸಕ್ಕರೆಗೆ ಇಲ್ಲ.

ಮಾರುಕಟ್ಟೆ ಮತ್ತು ಮನೆ

ದೇಶದಲ್ಲಿ 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ದೃಷ್ಟಿಯಲ್ಲಿ ಔಷಧಗಳ ವ್ಯಾಪ್ತಿಗೆ ಬಂದವು. ಬೇಡಿಕೆ ಮುಗಿಲು ಮುಟ್ಟಿದ್ದ 2021ರ ಜುಲೈನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಪಲ್ಸ್ ಆಕ್ಸಿಮೀಟರ್ ಸೇರಿ ಐದು ಸಾಧನಗಳ ಮಾರಾಟ ಲಾಭಕ್ಕೆ ಶೇ 70ರ ಮಿತಿ ಹೇರಿತು. ಅದಕ್ಕೂ ಮುನ್ನ, ಮೇ 16ರಂದು ಕೇಂದ್ರ ಆರೋಗ್ಯ ಸಚಿವಾಲಯ ಗ್ರಾಮೀಣ ಪ್ರದೇಶಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ವ್ಯವಸ್ಥೆ ಸೂಚಿತವಾಗಿತ್ತು. ಪ್ರತಿ ಊರಿನಲ್ಲೂ ಸಾಕಷ್ಟು ಆಕ್ಸಿಮೀಟರ್‌ಗಳಿರಬೇಕು. ಸೋಂಕಿತರ ಮನೆಗೆ ಆಶಾ ಕಾರ್ಯಕರ್ತೆಯರ ಮೂಲಕ ಅವನ್ನು ಎರವಲು ಕೊಟ್ಟು ವಾಪಸ್ ಪಡೆಯಬೇಕು. ಗ್ರಂಥಾಲಯದ ಪುಸ್ತಕದಂತೆ ಕೈಯಿಂದ ಕೈಗೆ ಹೋಗುವ ವೈದ್ಯಕೀಯ ಉಪಕರಣ!

ಈ ಗದ್ದಲದಲ್ಲಿ ಮೊಬೈಲ್ ಕ್ಯಾಮೆರಾದಿಂದಲೇ ಆಮ್ಲಜನಕ ಅಳೆಯುವುದಾಗಿ ಹೇಳುವ ನಕಲಿ ಆ್ಯಪ್‌ಗಳೂ ಹುಟ್ಟಿಕೊಂಡವು. ಬೆರಳಚ್ಚು ಮತ್ತು ಖಾಸಗಿ ಮಾಹಿತಿ ಕದಿಯುವ ಅಪಾಯವಿದೆಯೆಂದು ಕೇಂದ್ರ ಗೃಹ ಸಚಿವಾಲಯದ 'ಸೈಬರ್ ದೋಸ್ತ್' 2020ರಲ್ಲೇ ಎಚ್ಚರಿಸಿತ್ತು. ಮೊಬೈಲ್‌ನ ಬಿಳಿ ದೀಪದಲ್ಲಿ ಅವಕೆಂಪು ಬೆಳಕು ಇಲ್ಲದಿರುವುದರಿಂದ ಸಾಮಾನ್ಯ ಆಕ್ಸಿಮೀಟರ್‌ನ ಲೆಕ್ಕ ಅದಕ್ಕೆ ಒಗ್ಗುವುದಿಲ್ಲ.

ಮನೆಯಲ್ಲಿ ಸಾಧನ ಇರುವವರು ಪಾಲಿಸಬೇಕಾದ ಕ್ರಮ ಸರಳ. ಐದು ನಿಮಿಷ ಸುಮ್ಮನೆ ಕುಳಿತು, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಂಡು, ತೋರುಬೆರಳು ಅಥವಾ ನಡುಬೆರಳನ್ನು ಒಳಗಿಟ್ಟು ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಾಡದಂತೆ ಇರಿಸಬೇಕು. ಉಗುರುಬಣ್ಣ ತೆಗೆದಿರಬೇಕು. ಮದುವೆ ಮನೆಯಿಂದ ಬಂದವರ ಕಪ್ಪು ಮೆಹಂದಿಯೂ ಸಂಕೇತಕ್ಕೆ ತಡೆಯೊಡ್ಡಬಲ್ಲದು. ಮೊದಲು ಮೂಡಿದ ಅಂಕಿಯನ್ನು ಬರೆದುಕೊಳ್ಳದೆ, ಅದು ನಿಂತಲ್ಲೇ ನಿಲ್ಲುವವರೆಗೆ ಕಾಯಬೇಕು. ನಾಡಿಯ ಅಂಕಿ ಕೈಯಿಂದ ಎಣಿಸಿದ ನಾಡಿಗೆ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬುವಂತಿಲ್ಲ.

ಆರೋಗ್ಯವಾಗಿರುವಾಗಲೇ ಒಮ್ಮೆ ಅಳೆದು ತಮ್ಮ ಸಹಜ ಅಂಕಿ ಎಷ್ಟೆಂದು ಗುರುತು ಹಾಕಿಕೊಂಡರೆ ಜ್ವರ ಬಂದಾಗ ಹೋಲಿಸಲು ಅನುಕೂಲ. ಎಲ್ಲ ದಿನ 98 ತೋರಿಸುತ್ತಿದ್ದ ಬೆರಳು 94ಕ್ಕೆ ಇಳಿದರೆ ಅದು ಗಂಭೀರ ಬದಲಾವಣೆ. ಅಂಕಿ ಇನ್ನೂ ಗಡಿಯ ಮೇಲೇ ಇದೆ ಎಂದು ಸುಮ್ಮನಿರುವಂತಿಲ್ಲ. ಸಂಶಯವಿದ್ದಾಗ ವೈದ್ಯರು ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ನಿಜವಾದ ಮಟ್ಟವನ್ನು ಅಳೆಯುತ್ತಾರೆ. ತುಸು ನೋವಿನ ಈ ಪರೀಕ್ಷೆಯ ಮುಂದೆಯೇ ಎಲ್ಲ ಆಕ್ಸಿಮೀಟರ್‌ಗಳ ನಿಖರತೆ ನಿರ್ಧಾರವಾಗುವುದು.

2021ರ ಕೇಂದ್ರದ ಕೋವಿಡ್ ಚಿಕಿತ್ಸಾ ಮಾರ್ಗಸೂಚಿಯೂ ಯಂತ್ರವನ್ನೊಂದೇ ನೆಚ್ಚಿರಲಿಲ್ಲ. ಆಮ್ಲಜನಕ 90ರಿಂದ 93ರ ನಡುವೆ ಇಳಿದಿರುವುದು, 'ಅಥವಾ' ನಿಮಿಷಕ್ಕೆ 24 ಅಥವಾ ಅದಕ್ಕೂ ಹೆಚ್ಚು ಬಾರಿ ಉಸಿರಾಡುತ್ತಿರುವುದು, ಇವೆರಡರಲ್ಲಿ ಒಂದಿದ್ದರೂ ಕಾಯಿಲೆ ಮಧ್ಯಮ ತೀವ್ರತೆಯದ್ದು ಎಂದು ಅದು ವರ್ಗೀಕರಿಸಿತ್ತು. ಎದೆಯ ಏರಿಳಿತವನ್ನು ಒಂದು ನಿಮಿಷ ಪೂರ್ತಿ ಎಣಿಸಲು ಬೇಕಾಗಿದ್ದುದು ಸೆಕೆಂಡಿನ ಮುಳ್ಳಿರುವ ಗಡಿಯಾರವೊಂದೇ.